ಶಿಶುವಿನ ಬೆಳವಣಿಗೆಯೂ ಹಿರಿಯರ ಹೊಣೆಯೂ

(ಶ್ರೀಮಠದ ಅಮೃತ ಮಹೋತ್ಸವದ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

 

ಎಳೆಯ ಮಕ್ಕಳ ವಿಷಯವಾಗಿ ನಾಲ್ಕು ಮಾತುಗಳನ್ನಾಡಬೇಕೆಂದು ನನಗೆ ಅಪ್ಪಣೆಯಾಗಿದೆ. ವ್ಯಾಕರಣವನ್ನು ಹೇಳಿಕೊಡುವ ಪಂಡಿತನಿಗೆ ತೊಟ್ಟಿಲಿನ ಗೊಡವೆ ಏಕೆಂದು ಕೆಲವರು ನಗಬಹುದು. ಆದರೆ ಪಾಠಶಾಲೆಗೆ ಬರುವ ಎಂಟು ಹತ್ತು ವರುಷದ ವಿದ್ಯಾರ್ಥಿಯು ಏನೂ ಬರೆಯದ ಹಲಗೆಯಂತೆ ಬರುವದಿಲ್ಲ. ಧೈರ್ಯವೋ ಅಂಜಿಕೆಯೋ, ಮಾತಿನ ಹದವೋ ತೊದಲೋ, ಗುರುವಿನ ಮುಖವನ್ನು ನೋಡಿ ನಿಂತು ಕೇಳುವ ಶಕ್ತಿಯೋ, ಇವನ್ನೆಲ್ಲ ಅವನು ತಾಯಿಯ ಮಡಿಲಿನಿಂದಲೂ ಅಜ್ಜಿಯ ಸೊಂಟದ ಮೇಲಿನಿಂದಲೂ ತಂದಿರುತ್ತಾನೆ. ಆ ಮೊದಲ ಐದು ವರುಷಗಳಲ್ಲಿ ಏನು ನಡೆಯುವದೆಂಬದನ್ನು ಅರಿಯದೆ ನಾವು ಮುಂದಿನದನ್ನು ಕಟ್ಟಲಾರೆವು.

ಮೊದಲು ಶರೀರದ ಮಾತು. ದಿನ ತುಂಬಿ ಹುಟ್ಟಿದ ಕೂಸಿನ ತೂಕವು ಐದು ತಿಂಗಳ ಹೊತ್ತಿಗೆ ಇಮ್ಮಡಿಯೂ ವರುಷ ತುಂಬುವಷ್ಟರಲ್ಲಿ ಮುಮ್ಮಡಿಯೂ ಆಗುವದು. ಹುಟ್ಟುವಾಗ ಸುಮಾರು ೫೦ ಸೆಂಟಿಮೀಟರು ಉದ್ದವಿದ್ದದ್ದು ಒಂದು ವರುಷಕ್ಕೆ ೭೫ ಆಗುವದು. ಹುಟ್ಟಿದ ಮೇಲೆ ಇಂಥ ವೇಗದ ಬೆಳವಣಿಗೆ ಮತ್ತೆಂದೂ ಇಲ್ಲ. ಈ ಬೆಳವಣಿಗೆಗೆ ಒಂದು ಕ್ರಮವುಂಟು. ಅದು ತಲೆಯಿಂದ ಕಾಲಿಗೆ ಇಳಿಯುವದು, ನಡುವಿನಿಂದ ತುದಿಗೆ ಹರಿಯುವದು. ಮೊದಲು ಕುತ್ತಿಗೆ ನಿಲ್ಲುವದು, ಆಮೇಲೆ ಬೆನ್ನು ಗಟ್ಟಿಯಾಗುವದು, ಆಮೇಲೆ ಸೊಂಟ, ಕಡೆಗೆ ಕಾಲು. ಕೈಯಲ್ಲಿಯೂ ಹಾಗೆಯೇ. ಮೊದಲು ತೋಳನ್ನೇ ಬೀಸುವ ಕೂಸು ಆಮೇಲೆ ಅಂಗೈಯಿಂದ ಬಾಚುವದು. ಒಂಬತ್ತು ಹತ್ತು ತಿಂಗಳಿಗೆ ಹೆಬ್ಬೆರಳು ತೋರುಬೆರಳುಗಳನ್ನು ಕೂಡಿಸಿ ನೆಲದ ಮೇಲಿನ ಒಂದು ಕಾಳನ್ನು ಎತ್ತುವದು. ಆ ದಿವಸ ಮನೆಯವರು ಹಿಗ್ಗಬೇಕು. ಕಾಳನ್ನು ಬಾಯಿಗೆ ಹಾಕದಂತೆ ಕಣ್ಣನ್ನೂ ಇಡಬೇಕು.

ಕ್ರಮವು ಒಂದೇ ಆದರೂ ವೇಳೆಯು ಒಂದಲ್ಲ. ವಿಶ್ವ ಆರೋಗ್ಯ ಸಂಸ್ಥೆಯವರು ದಿಲ್ಲಿಯ ಕೂಸುಗಳೂ ಸೇರಿದಂತೆ ಐದು ದೇಶಗಳ ಮಕ್ಕಳ ಚಲನವನ್ನು ಪರೀಕ್ಷಿಸಿ ೨೦೦೬ರಲ್ಲಿ ಫಲವನ್ನು ಪ್ರಕಟಿಸಿದರು. ಆಸರೆಯಿಲ್ಲದೆ ನಡೆಯುವದು ಒಬ್ಬನಿಗೆ ಎಂಟು ತಿಂಗಳಿಗೇ ಬಂದರೆ ಇನ್ನೊಬ್ಬನಿಗೆ ಹದಿನೇಳು ತಿಂಗಳು ಕಳೆದ ಮೇಲೆ ಬಂದಿತು. ಎರಡೂ ಆರೋಗ್ಯದ ಸೀಮೆಯೊಳಗಿನವೇ. ನೂರರಲ್ಲಿ ನಾಲ್ಕು ಮಕ್ಕಳು ಅಂಬೆಗಾಲಿಕ್ಕದೆಯೇ ಎದ್ದು ನಡೆದರು. ಹೀಗಿರಲು "ನೆರೆಮನೆಯ ಕೂಸು ಆಗಲೇ ನಡೆಯುತ್ತದೆ, ನಮ್ಮದಿನ್ನೂ ಇಲ್ಲ" ಎಂದು ಕೊರಗುವದೂ, ಗಾಲಿಯ ಚೌಕಟ್ಟಿನಲ್ಲಿ ಕೂಸನ್ನು ತೂಗುಹಾಕಿ ನಡೆಸುವದೂ ವ್ಯರ್ಥ. ಸುಶ್ರುತಾಚಾರ್ಯರು ವೇಳೆಗೆ ಮುಂಚೆ ಕೂಸನ್ನು ಕೂಡಿಸಬಾರದು, ಬೆನ್ನು ಬಾಗೀತು ಎಂದು ಎಚ್ಚರಿಸಿದ್ದಾರೆ. ಅವಸರವು ಹೊಸ ರೋಗವೇನಲ್ಲವೆಂದು ಇದರಿಂದ ತೋರುವದು.

ಆಹಾರದ ಮಾತನ್ನು ಚಿಕ್ಕದಾಗಿ ಮುಗಿಸುತ್ತೇನೆ. ಹೆರಿಗೆಯಾದ ಕೂಡಲೆ ಬರುವ ಹಳದಿಯ ದಪ್ಪ ಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲುವ ರೂಢಿ ಇನ್ನೂ ಕೆಲವು ಮನೆಗಳಲ್ಲಿದೆ. ಅದು ಕೂಸಿಗೆ ರೋಗವನ್ನು ತಡೆಯುವ ಶಕ್ತಿಯನ್ನು ಕೊಡುವ ಮೊದಲ ಔಷಧವಾಗಿದೆ, ಅದನ್ನು ಚೆಲ್ಲತಕ್ಕದ್ದಲ್ಲ. ಆರು ತಿಂಗಳು ತಾಯಿಯ ಹಾಲೊಂದೇ ಸಾಕು, ನೀರು ಸಹ ಬೇಡ. ನಾಲಗೆಗೆ ಜೇನುತುಪ್ಪವನ್ನು ಸವರುವ ಪದ್ಧತಿಯನ್ನೂ ವರುಷ ತುಂಬುವವರೆಗೆ ಬಿಡಬೇಕು. ಅದರಲ್ಲಿ ಇರಬಹುದಾದ ಒಂದು ಸೂಕ್ಷ್ಮಜಂತುವಿನ ಬೀಜವು ಎಳೆಯ ಕರುಳಿನಲ್ಲಿ ವಿಷವನ್ನು ಹುಟ್ಟಿಸಬಲ್ಲದು. ರೂಢಿಯು ಹಿರಿಯರದು ಎಂಬ ಗೌರವ ನನಗೂ ಉಂಟು. ಆದರೆ ಕೂಸಿನ ಪ್ರಾಣವು ರೂಢಿಗಿಂತ ಹಿರಿದು.

ಇನ್ನು ಮಾತಿನ ವಿಷಯ. ವರ್ಣಗಳ ಉತ್ಪತ್ತಿಸ್ಥಾನಗಳನ್ನು ಕಂಠದಿಂದ ಮೊದಲುಮಾಡಿ ತುಟಿಯ ವರೆಗೆ ಎಣಿಸುವದು ನಮ್ಮ ಪದ್ಧತಿ. ಕೂಸು ಸಹ ಎರಡು ಮೂರು ತಿಂಗಳಿನಲ್ಲಿ "ಅಗೂ" ಎಂದು ಗಂಟಲಿನಿಂದಲೇ ಆರಂಭಿಸುವದು. ಆರು ಏಳು ತಿಂಗಳಿಗೆ ಮಾತ್ರ ಒಮ್ಮೆಲೆ ತುಟಿಗೆ ಹಾರಿ "ಬಬಬ", "ಮಮಮ" ಎನ್ನುವದು; ಜೊತೆಗೆ ಹಲ್ಲಿನ ಎಡೆಯಿಂದ "ದದದ", "ತತತ". ಅವ್ವ, ಅಮ್ಮ, ಅಪ್ಪ, ತಾತ ಎಂಬ ಶಬ್ದಗಳು ಆ ಬಾಯಿಗೆ ನಿಲುಕುವ ಅಕ್ಷರಗಳಿಂದಲೇ ಆಗಿರುವದನ್ನು ನೋಡಿರಿ. ಅಜ್ಜನೂ ಅಣ್ಣನೂ ತುಸು ಕಾಯಬೇಕಾಗುವದು. ರಕಾರ ಳಕಾರಗಳು ನಾಲ್ಕು ಐದು ವರುಷಕ್ಕೆ ಸ್ಥಿರವಾದರೆ ಹೆಚ್ಚು. ಅವನ್ನು ತಪ್ಪಿ ನುಡಿದ ಮಗುವನ್ನು ಹತ್ತು ಜನರೆದುರು ಅನ್ನಿಸಿ ನಗುವದು ಒಳ್ಳೆಯ ವಿನೋದವಲ್ಲ.

ಆದರೆ ನುಡಿಯುವದಕ್ಕಿಂತ ಎಷ್ಟೋ ಮೊದಲು ಕೇಳುವದು ನಡೆದಿರುತ್ತದೆ. ಹುಟ್ಟಿ ಮೂರು ದಿವಸವೂ ಆಗದ ಕೂಸು ಇತರ ಹೆಂಗಸರ ದನಿಗಿಂತ ತನ್ನ ತಾಯಿಯ ದನಿಯನ್ನು ಹೆಚ್ಚು ಬಯಸುವದೆಂದು ೧೯೮೦ರಲ್ಲಿ ಅಮೇರಿಕೆಯಲ್ಲಿ ಕಂಡುಹಿಡಿದರು. ಗರ್ಭದಲ್ಲಿಯೇ ಅದಕ್ಕೆ ಪರಿಚಯವಾಗಿತ್ತು. ಇದಕ್ಕಿಂತಲೂ ವಿಸ್ಮಯವಾದದ್ದು ಇನ್ನೊಂದುಂಟು. ಹಿಂದಿಯ ದಂತ್ಯವಾದ ತಕಾರಕ್ಕೂ ಮೂರ್ಧನ್ಯವಾದ ಟಕಾರಕ್ಕೂ ಇರುವ ಭೇದವನ್ನು ಇಂಗ್ಲಿಷು ಮಾತಾಡುವ ದೊಡ್ಡವರು ಕಷ್ಟದಿಂದಲೂ ಗುರುತಿಸಲಾರರು. ಕೆನಡಾ ದೇಶದ ಜಾನೆಟ್ ವರ್ಕರ್ ಎಂಬ ವಿದುಷಿಯು ತನ್ನ ಸಹಶೋಧಕನೊಡನೆ ೧೯೮೪ರಲ್ಲಿ ಪ್ರಕಟಿಸಿದ ಶೋಧದ ಪ್ರಕಾರ, ಅದೇ ಇಂಗ್ಲಿಷು ಮನೆಯ ಆರು ಎಂಟು ತಿಂಗಳ ಕೂಸುಗಳು ಆ ಭೇದವನ್ನು ನಿರಾಯಾಸವಾಗಿ ತಿಳಿಯುತ್ತವೆ! ವರುಷ ತುಂಬುವ ಹೊತ್ತಿಗೆ ಅವುಗಳಲ್ಲಿ ಹೆಚ್ಚಿನವು ಅದನ್ನು ಮರೆತಿರುತ್ತವೆ, ಏಕೆಂದರೆ ಮನೆಯಲ್ಲಿ ಅದು ಕಿವಿಗೆ ಬೀಳಲಿಲ್ಲ. ನಾನು ಹುಡುಗರಿಗೆ ಸ್ಥಾನಭೇದವನ್ನು ತಿಂಗಳುಗಟ್ಟಲೆ ತಿದ್ದುತ್ತೇನೆ. ಮನೆಯಲ್ಲಿ ತಾಯಿಯು ಅದನ್ನು ಒಂದು ವರುಷದೊಳಗೆ ಹಾಲು ಕುಡಿಸುತ್ತ ಕಲಿಸಿರುತ್ತಾಳೆ. ಕೂಸಿಗೆ ಏನು ತಿಳಿದೀತೆಂದು ಅದರೆದುರಿಗೆ ಮೌನವಾಗಿರುವವರು ಈ ಸಂಗತಿಯನ್ನು ಮನಸ್ಸಿಗೆ ತಂದುಕೊಳ್ಳಬೇಕು.

ಈಗ ಭಾವದ ವಿಷಯಕ್ಕೆ ಬರುತ್ತೇನೆ. ಶರೀರ, ಬುದ್ಧಿ, ಭಾವ ಎಂದು ನಾವು ಮೂರಾಗಿ ಹೇಳುವದು ಮಾತಿನ ಅನುಕೂಲಕ್ಕೆ ಮಾತ್ರ; ಕೂಸಿನಲ್ಲಿ ಅವು ಒಂದೇ ಹುರಿಯ ಮೂರು ಎಳೆಗಳು. ಎಂಟು ಒಂಬತ್ತು ತಿಂಗಳವರೆಗೆ ಎಲ್ಲರ ಕೈಗೂ ನಗುತ್ತ ಹೋಗುತ್ತಿದ್ದ ಕೂಸು ಒಮ್ಮೆಲೆ ಹೊಸಬರನ್ನು ಕಂಡು ಅಳತೊಡಗುವದು, ತಾಯಿ ಮರೆಯಾದರೆ ಚೀರುವದು. ದೃಷ್ಟಿ ತಾಗಿತೆಂದು ಮನೆಯವರು ಗಾಬರಿಗೊಳ್ಳುವರು. ನಿಜವಾಗಿ ಅದು ಬುದ್ಧಿ ಬೆಳೆದ ಗುರುತು. ಕಣ್ಣಿಗೆ ಕಾಣದ ವಸ್ತುವೂ ಎಲ್ಲಿಯೋ ಇದೆಯೆಂಬ ತಿಳಿವು ಕೂಸಿಗೆ ಕ್ರಮೇಣ ಬರುವದೆಂದು ಸ್ವಿಟ್ಜರ್ಲೆಂಡದ ಪಿಯಾಜೆ ಎಂಬ ಪಂಡಿತರು ತಮ್ಮ ಮಕ್ಕಳನ್ನೇ ನೋಡಿ ಬರೆದರು. ಬಟ್ಟೆಯ ಕೆಳಗೆ ಮುಚ್ಚಿಟ್ಟ ಗಿಲಕಿಯನ್ನು ಹುಡುಕಲು ಬಲ್ಲ ಕೂಸು ಕದದ ಆಚೆಗಿರುವ ತಾಯಿಯನ್ನೂ ಬಲ್ಲದು, ಬಲ್ಲದ್ದರಿಂದಲೇ ಅಳುತ್ತದೆ.

ಆ ಅಳುವಿಗೆ ಉತ್ತರ ಬಾರದಿದ್ದರೆ ಏನಾಗುವದು? ಇದಕ್ಕೆ ಪರದೇಶದ ಒಂದು ದುಃಖಕರ ದೃಷ್ಟಾಂತವುಂಟು. ೧೯೮೯ರಲ್ಲಿ ರುಮಾನಿಯಾ ದೇಶದ ಸರ್ವಾಧಿಕಾರಿಯು ಪದಚ್ಯುತನಾದಾಗ ಅಲ್ಲಿಯ ಸರಕಾರಿ ಅನಾಥಾಲಯಗಳಲ್ಲಿ ಲಕ್ಷಕ್ಕೆ ಮಿಕ್ಕಿ ಮಕ್ಕಳಿದ್ದರು. ಒಬ್ಬ ಸೇವಕಿಗೆ ಹತ್ತಾರು ತೊಟ್ಟಿಲುಗಳು. ವೇಳೆಗೆ ಸರಿಯಾಗಿ ಹಾಲು ಬರುತ್ತಿತ್ತು, ಎತ್ತಿಕೊಳ್ಳುವವರು ಬರುತ್ತಿರಲಿಲ್ಲ. ಅತ್ತರೂ ಫಲವಿಲ್ಲವೆಂದು ತಿಳಿದ ಕೂಸುಗಳು ಅಳುವದನ್ನೇ ಬಿಟ್ಟಿದ್ದವು. ೨೦೦೦ದಲ್ಲಿ ಆರಂಭವಾದ ಒಂದು ಪರೀಕ್ಷೆಯಲ್ಲಿ ಬುಖಾರೆಸ್ಟ್ ನಗರದ ಇಂಥ ೧೩೬ ಮಕ್ಕಳಲ್ಲಿ ಅರ್ಧ ಜನರನ್ನು ಸಾಕುವ ಮನೆಗಳಿಗೆ ಕೊಟ್ಟರು. ಮನೆ ಸೇರಿದವರ ಬುದ್ಧಿ ಮಾತ್ರವಲ್ಲ, ಎತ್ತರವೂ ತೂಕವೂ ಏರಿದವು. ಎರಡು ವರುಷ ತುಂಬುವದರೊಳಗೆ ಮಡಿಲು ಸಿಕ್ಕವರು ಇತರರಿಗಿಂತ ಹೆಚ್ಚು ಚೇತರಿಸಿಕೊಂಡರು. ಅನ್ನವಿದ್ದೂ ಮಡಿಲಿಲ್ಲದಿದ್ದರೆ ಎಲುಬು ಸಹ ಬೆಳೆಯದೆಂಬದು ನನಗೆ ಈ ವಿಷಯದಲ್ಲಿ ದೊರೆತ ಅತ್ಯಂತ ದೊಡ್ಡ ಪಾಠ.

ನಮ್ಮ ಮನೆಗಳಲ್ಲಿ ಮಡಿಲಿಗೆ ಬರವಿಲ್ಲ ನಿಜ. ಆದರೆ ಮಡಿಲಿನಲ್ಲಿ ಕೂಸಿದ್ದೂ ಕಣ್ಣು ಕೈಯೊಳಗಿನ ಮೊಬೈಲಿನಲ್ಲಿ ನೆಟ್ಟಿದ್ದರೆ? ಎಡ್ವರ್ಡ್ ಟ್ರಾನಿಕ್ ಎಂಬ ಅಮೇರಿಕೆಯ ಪಂಡಿತರು ೧೯೭೦ರ ದಶಕದಲ್ಲಿ, ಕೂಸಿನೊಡನೆ ಆಡುತ್ತಿದ್ದ ತಾಯಿಗೆ ಕೆಲವು ನಿಮಿಷ ಮುಖವನ್ನು ಕಲ್ಲಿನಂತೆ ಇಟ್ಟುಕೊಳ್ಳಲು ಹೇಳಿದರು. ಕೂಸು ಮೊದಲು ನಕ್ಕು ಕರೆಯಿತು, ಕೈ ಚಾಚಿತು, ಕೂಗಿತು. ಕಡೆಗೆ ಮುಖವನ್ನು ತಿರುಗಿಸಿ ಕುಗ್ಗಿತು. ಮೊಬೈಲನ್ನು ಕೂಸಿನ ಕೈಗೇ ಕೊಟ್ಟು ಊಟ ಮಾಡಿಸುವದು ಇನ್ನೊಂದು ಹೊಸ ಪದ್ಧತಿ. ಎರಡು ವರುಷದ ವರೆಗೆ ಪರದೆಯ ಮುಂದೆ ಕೂಡಿಸುವದೇ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೧೯ರಲ್ಲಿ ಹೇಳಿದೆ. ಆ ಪೆಟ್ಟಿಗೆಯು ಮಾತಾಡುವದು, ಆದರೆ ಕೂಸಿನ ಮಾತಿಗೆ ಉತ್ತರ ಕೊಡದು.

ಮೊಬೈಲಿಲ್ಲದ ಮನೆಯಲ್ಲಿ ಗುಮ್ಮನಿರುತ್ತಾನೆ. ಉಣ್ಣದಿದ್ದರೆ ಗುಮ್ಮ, ಮಲಗದಿದ್ದರೆ ಗುಮ್ಮ. ಇದು ಹಿಂದಿನವರಿಂದ ಬಂದದ್ದೆಂದು ಸಮರ್ಥಿಸುವವರಿಗೆ ಇನ್ನೂ ಹಿಂದಿನವರ ಮಾತನ್ನು ಹೇಳಬೇಕಾಗಿದೆ. ಚರಕಸಂಹಿತೆಯ ಶಾರೀರಸ್ಥಾನದಲ್ಲಿ, ಅಳುವ ಅಥವಾ ಉಣ್ಣದ ಕುಮಾರನನ್ನು ಬೆದರಿಸುವದಕ್ಕಾಗಿ ರಾಕ್ಷಸ ಪಿಶಾಚಾದಿಗಳ ಹೆಸರನ್ನು ಎತ್ತಲೇಬಾರದೆಂದು ಸ್ಪಷ್ಟವಾಗಿ ವಿಧಿಸಿದೆ. ಅಲ್ಲಿಯೇ ಆಟಿಕೆಗಳ ಲಕ್ಷಣವೂ ಉಂಟು: ಅವು ಬಗೆಬಗೆಯವೂ ನಾದವುಳ್ಳವೂ ಆಗಿರಬೇಕು, ಭಾರವಾಗಿರಬಾರದು, ತುದಿ ಚೂಪಾಗಿರಬಾರದು, ಬಾಯೊಳಗೆ ಹೋಗುವಂತಿರಬಾರದು, ಮಗುವನ್ನು ಅಂಜಿಸಬಾರದು. ಇಂದಿನ ವೈದ್ಯರು ಇದಕ್ಕೆ ಹೆಚ್ಚಾಗಿ ಏನನ್ನು ಸೇರಿಸಿಯಾರು?

ಎರಡು ಮೂರು ವರುಷದ ಹಠದ ವಿಷಯದಲ್ಲಿ ಮಾತ್ರ ನಮ್ಮ ಒಂದು ಗಾದೆಯು ಅಪಕಾರ ಮಾಡಿದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂದು ಹೇಳಿ, ನೆಲದ ಮೇಲೆ ಹೊರಳಾಡಿ ಅಳುವ ಮಗುವಿಗೆ ಪೆಟ್ಟು ಕೊಡುವರು. ಆಸೆಯನ್ನು ತಡೆಹಿಡಿಯುವ ಮೆದುಳಿನ ಮುಂಭಾಗವು ಇಪ್ಪತ್ತು ವರುಷ ದಾಟಿದ ಮೇಲೂ ಬೆಳೆಯುತ್ತಿರುತ್ತದೆ. ಎರಡು ವರುಷಕ್ಕೆ ಅದು ಇನ್ನೂ ಮೊಳಕೆ. ಅನ್ಯರ ಮನಸ್ಸಿನಲ್ಲಿ ತನ್ನದಕ್ಕಿಂತ ಬೇರೆ ತಿಳುವಳಿಕೆ ಇರಬಹುದೆಂಬದು ಸಾಮಾನ್ಯವಾಗಿ ನಾಲ್ಕು ವರುಷದ ಸುತ್ತಿನಲ್ಲಿ ಹೊಳೆಯುವದೆಂದು ೧೯೮೩ರಲ್ಲಿ ವಿಮ್ಮರ್, ಪರ್ನರ್ ಎಂಬ ಇಬ್ಬರು ತೋರಿಸಿದರು. ಅದಕ್ಕೆ ಮುಂಚೆ ಮಗುವನ್ನು ಸ್ವಾರ್ಥಿಯೆಂದು ಬಯ್ಯುವದು ಹೂ ಬಿಡದ ಗಿಡವನ್ನು ಕಾಯಿ ಕೊಡಲಿಲ್ಲವೆಂದು ಬಯ್ದಂತೆ. ಹತ್ತಿರ ಕುಳಿತು, ಬೇಡವಾದದ್ದನ್ನು ಬೇಡವೆಂದೇ ಹೇಳಿ, ಅಳು ತಗ್ಗುವವರೆಗೆ ಕಾಯುವದು ಪೆಟ್ಟಿಗಿಂತ ಕಠಿನವಾದ ಶಿಸ್ತು. ಅದು ಹಿರಿಯರ ಮೇಲಿನ ಶಿಸ್ತು.

ಅವಸರ ಬೇಡವೆಂದ ನಾನು ಅಲಕ್ಷ್ಯಕ್ಕೂ ಅನುಮತಿ ಕೊಡಲಾರೆ. ಮಾತು ಬಾರದ ಮಗುವಿಗೆ ನಾಲಗೆಯ ಮೇಲೆ ಬಜೆಯನ್ನು ತೇಯ್ದು ಸವರುತ್ತ, "ಇವರ ಅಜ್ಜನಿಗೂ ತಡವಾಗಿಯೇ ಮಾತು ಬಂದಿತು" ಎಂದು ಮೂರು ನಾಲ್ಕು ವರುಷ ಕಳೆಯುವ ಮನೆಗಳುಂಟು. ದೋಷವು ನಾಲಗೆಯಲ್ಲಿರದೆ ಕಿವಿಯಲ್ಲಿದ್ದರೆ ಬಜೆಯು ಏನು ಮಾಡೀತು? ಕಿವುಡುತನವನ್ನು ಆರು ತಿಂಗಳೊಳಗೆ ಗುರುತಿಸಿ ಸಾಧನವನ್ನೂ ಶಿಕ್ಷಣವನ್ನೂ ಕೊಟ್ಟರೆ ಬಹುಪಾಲು ಮಕ್ಕಳು ಮಾತಿನಲ್ಲಿ ಸಮವಯಸ್ಕರ ಸಮೀಪಕ್ಕೆ ಬರುವರು. ಸಪ್ಪಳಕ್ಕೆ ತಿರುಗದ ಕೂಸು, ಹತ್ತು ತಿಂಗಳಾದರೂ "ಬಬ" ಎನ್ನದ ಕೂಸು, ಒಂದೂವರೆ ವರುಷಕ್ಕೆ ನಡೆಯದ ಅಥವಾ ಒಂದೂ ಶಬ್ದವಾಡದ ಮಗು, ಎರಡು ವರುಷಕ್ಕೆ ಎರಡು ಶಬ್ದಗಳನ್ನು ಕೂಡಿಸದ ಮಗು, ಹೆಸರು ಹಿಡಿದು ಕರೆದರೂ ಮುಖವನ್ನು ನೋಡದ ಮಗು, ಕಲಿತ ಮಾತನ್ನು ಮರೆಯುವ ಮಗು, ಇವರನ್ನು ತಡಮಾಡದೆ ವೈದ್ಯರಿಗೆ ತೋರಿಸಬೇಕು. ೧೯೭೫ರಲ್ಲಿ ಆರಂಭವಾದ ಶಿಶು ಅಭಿವೃದ್ಧಿ ಯೋಜನೆಯ ಅಂಗನವಾಡಿಗಳು ಹಳ್ಳಿಹಳ್ಳಿಗಳಲ್ಲಿವೆ. ಅಲ್ಲಿ ತೂಕ ನೋಡಿ ಬರೆಯುವರು, ೨೦೧೩ರಿಂದ ಮಕ್ಕಳ ತಪಾಸಣೆಗೆ ವೈದ್ಯರ ತಂಡಗಳೂ ಬರುತ್ತವೆ. ಕಿವಿ ಮತ್ತು ಮಾತಿನ ದೋಷಗಳಿಗಾಗಿ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಜಾತ್ರೆಗೆ ಬಂದ ತಾಯಂದಿರಲ್ಲಿ ಇಂಥ ಚಿಂತೆಯುಳ್ಳವರು ಯಾರಾದರೂ ಇದ್ದರೆ, ನಾಚಿಕೆಯನ್ನು ಬಿಟ್ಟು ಊರಿಗೆ ಮರಳಿದ ವಾರದಲ್ಲಿಯೇ ಕೂಸನ್ನು ಕರೆದುಕೊಂಡು ಹೋಗಬೇಕೆಂದು ಕೈಮುಗಿದು ಅರಿಕೆಮಾಡಿ ನನ್ನ ಮಾತನ್ನು ನಿಲ್ಲಿಸುತ್ತೇನೆ.