ಮೀನಿಗೆ ಒಮೆಗಾ-3 ಕೊಡೋದು ಯಾರು?

ಇವತ್ತು ಒಂದು ಸಣ್ಣ ಪ್ರಶ್ನೆಯಿಂದ ಶುರು ಮಾಡ್ತೀನಿ. ಮೀನು ತಿಂದ್ರೆ ಒಮೆಗಾ-3 ಸಿಗುತ್ತೆ, ಹೃದಯಕ್ಕೆ ಒಳ್ಳೇದು ಅಂತ ನಾವೆಲ್ಲ ಕೇಳಿದ್ದೀವಿ. ಆದ್ರೆ ಆ ಒಮೆಗಾ-3 ಮೀನಿಗೆ ಎಲ್ಲಿಂದ ಬರುತ್ತೆ?

ಹೆಚ್ಚಿನ ಪಾಲು ಅದು ತಿಂದ ಆಹಾರದಿಂದ. ಒಮೆಗಾ-3ರಲ್ಲಿ ಮುಖ್ಯವಾದ ಇಪಿಎ, ಡಿಎಚ್‌ಎ ಅನ್ನೋ ಕೊಬ್ಬಿನಾಮ್ಲಗಳನ್ನ ಸಮುದ್ರದಲ್ಲಿ ತಯಾರಿಸೋದು ಮುಖ್ಯವಾಗಿ ಕಣ್ಣಿಗೆ ಕಾಣದ ಸೂಕ್ಷ್ಮಪಾಚಿಗಳು. ಪಾಚಿಯನ್ನ ಪುಟ್ಟ ಜೀವಿಗಳು ತಿನ್ನುತ್ತವೆ, ಅವನ್ನ ಸಣ್ಣ ಮೀನು, ಸಣ್ಣ ಮೀನನ್ನ ದೊಡ್ಡ ಮೀನು. ನಾನು ಬಿಕಾಂ ಓದಿದವನು. ನನ್ನ ಲೆಕ್ಕದಲ್ಲಿ ಪಾಚಿ ಉತ್ಪಾದಕ, ಮೀನು ಡೀಲರ್ ಮಾತ್ರ.

ಈಗ ನಾರ್ವೆಗೆ ಹೋಗೋಣ. ಅಲ್ಲಿ ಸಮುದ್ರದಲ್ಲೇ ದೊಡ್ಡ ಬಲೆಪಂಜರ ಕಟ್ಟಿ ಸಾಲ್ಮನ್ ಸಾಕ್ತಾರೆ. ಸಾಲ್ಮನ್ ಬೇರೆ ಮೀನು ತಿಂದು ಬದುಕೋ ಮೀನು. 1990ರಲ್ಲಿ ಅದಕ್ಕೆ ಹಾಕ್ತಿದ್ದ ಆಹಾರದ ಸುಮಾರು 90% ಮೀನಿನ ಹಿಟ್ಟು, ಮೀನಿನ ಎಣ್ಣೆಯೇ ಆಗಿತ್ತು. ಸಾಕಣೆ ಬೆಳೀತಾ ಹೋಯ್ತು, ಸಮುದ್ರದ ಸಣ್ಣ ಮೀನು ಅಷ್ಟೇ ಇತ್ತು. 2013ರ ಹೊತ್ತಿಗೆ ಅದು ಸುಮಾರು 30%ಗೆ ಇಳೀತು. ಉಳಿದ ಜಾಗಕ್ಕೆ ಬಂದಿದ್ದು ಸೋಯಾ, ಮತ್ತೆ ಸಾಸಿವೆ ಜಾತಿಯ ರೇಪ್‌ಸೀಡ್ ಎಣ್ಣೆ.

ಸಮುದ್ರದ ಮೇಲಿನ ಹೊರೆ ಕಡಿಮೆ ಆಯ್ತು, ಒಳ್ಳೇದೇ. ಆದ್ರೆ ಸೋಯಾ, ರೇಪ್‌ಸೀಡ್‌ನಲ್ಲಿ ಇಪಿಎ, ಡಿಎಚ್‌ಎ ಇಲ್ಲ. ಸ್ಕಾಟ್ಲೆಂಡ್‌ನ ಸ್ಟರ್ಲಿಂಗ್ ವಿಶ್ವವಿದ್ಯಾಲಯದವರು ಅಲ್ಲಿನ ಸಾಕಿದ ಸಾಲ್ಮನ್ ಪರೀಕ್ಷೆ ಮಾಡಿದಾಗ, 2006ರಿಂದ 2015ರೊಳಗೆ ಈ ಎರಡೂ ಸೇರಿ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿದಿದ್ದವು. ಅಂದ್ರೆ ಅದೇ ಒಮೆಗಾ-3ಗೆ ಎರಡರಷ್ಟು ಮೀನು ತಿನ್ನಬೇಕು.

ಹಾಗಾದ್ರೆ ಮೀನಿನ ಎಣ್ಣೆಯನ್ನೇ ಜಾಸ್ತಿ ಹಾಕಬಹುದಲ್ವಾ? ಅದರ ದೊಡ್ಡ ಮೂಲ ಪೆರು ದೇಶದ ಆಂಚೊವೆಟಾ ಅನ್ನೋ ಸಣ್ಣ ಮೀನು. 2023ರಲ್ಲಿ ಅಲ್ಲಿ ಸಮುದ್ರ ಬಿಸಿಯಾಗಿ, ಬಲೆಗೆ ಮರಿಮೀನೇ ಹೆಚ್ಚು ಬಿತ್ತು. ಸರ್ಕಾರ ವರ್ಷದ ಮೊದಲ ಸೀಸನ್ ರದ್ದು ಮಾಡ್ತು. ಮೀನಿನ ಎಣ್ಣೆ ಬೆಲೆ ದಾಖಲೆ ಮಟ್ಟಕ್ಕೆ ಹೋಯ್ತು.

ಇದು ನಮಗೂ ದೂರದ ಕಥೆ ಅಲ್ಲ. ನಮ್ಮ ಕರಾವಳಿಯಲ್ಲೂ ಫಿಶ್ ಮೀಲ್ ಫ್ಯಾಕ್ಟರಿಗಳಿವೆ. ಬೂತಾಯಿ ಅಲ್ಲಿಗೆ ಹೋಗಿ ಹಿಟ್ಟು, ಎಣ್ಣೆ ಆಗುತ್ತೆ. ಅದೇ ಬೂತಾಯಿ ನಮ್ಮ ಮನೆಗಳಲ್ಲಿ ಕಡಿಮೆ ದುಡ್ಡಿಗೆ ಸಿಗೋ ಪುಳಿಮುಂಚಿ ಮೀನು. ಅದೂ ಪ್ರತಿ ವರ್ಷ ಒಂದೇ ಥರ ಸಿಗಲ್ಲ. ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಸಿಕ್ಕಿದ್ದು, 2021ರಲ್ಲಿ 3,500 ಟನ್ ಕೂಡ ದಾಟಲಿಲ್ಲ. ಇಂಥ ಸಪ್ಲೈ ನಂಬಿ ಯಾರು ಬಿಸಿನೆಸ್ ಮಾಡ್ತಾರೆ?

ಅದಕ್ಕೇ ಕೆಲವರು ಡೀಲರ್‌ನ ಬಿಟ್ಟು ನೇರ ಉತ್ಪಾದಕನ ಹತ್ರ ಹೋದ್ರು. 2019ರಲ್ಲಿ ಅಮೆರಿಕದ ನೆಬ್ರಾಸ್ಕಾ ರಾಜ್ಯದ ಬ್ಲೇರ್ ಊರಲ್ಲಿ ವೆರಾಮರಿಸ್ ಕಂಪನಿಯ ಘಟಕ ಶುರುವಾಯ್ತು. ಹೂಡಿಕೆ 20 ಕೋಟಿ ಡಾಲರ್. ಮುಚ್ಚಿದ ದೊಡ್ಡ ಟ್ಯಾಂಕುಗಳಲ್ಲಿ ಸ್ಕೈಜೊಕೈಟ್ರಿಯಮ್ ಅನ್ನೋ ಸೂಕ್ಷ್ಮಜೀವಿ ಬೆಳೆಸ್ತಾರೆ. ಜೀವಶಾಸ್ತ್ರಜ್ಞರು ಇದನ್ನ ಬೇರೆ ಗುಂಪಿಗೆ ಸೇರಿಸ್ತಾರೆ, ಮಾರುಕಟ್ಟೆಯಲ್ಲಿ ಮಾತ್ರ ಪಾಚಿ ಅಂತಲೇ ಹೆಸರು. ಇದಕ್ಕೆ ಬಿಸಿಲು ಬೇಡ, ಮೆಕ್ಕೆಜೋಳದ ಸಕ್ಕರೆ ಸಾಕು. ಬರೋ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಇಪಿಎ, ಡಿಎಚ್‌ಎ. ಇಂಥ ಒಂದು ಟನ್ ಎಣ್ಣೆ ಸಮುದ್ರದ 60 ಟನ್ ಮೀನಿಗೆ ಸಮ ಅಂತ ಕಂಪನಿ ಹೇಳುತ್ತೆ.

ಆದ್ರೆ ಮೂರು ಮಾತು ನೆನಪಿಡಿ.

ಒಂದು, ಇದು ಎಣ್ಣೆಯ ಬದಲಿ. ಮೀನಿಗೆ ಬೇಕಾದ ಪ್ರೋಟೀನ್ ಬೇರೆ ಕಡೆಯಿಂದಲೇ ಬರಬೇಕು. ಸಕ್ಕರೆಗಾಗಿ ಬೆಳೆಯೋ ಜೋಳಕ್ಕೂ ಜಮೀನು, ನೀರು ಬೇಕು.

ಎರಡು, ಪಾಚಿ ಅಂದ್ರೆ ಎಲ್ಲಾ ಒಂದೇ ಅಲ್ಲ. ಸ್ಪಿರುಲಿನಾದಲ್ಲಿ ಪ್ರೋಟೀನ್ ಚೆನ್ನಾಗಿದೆ, ಇಪಿಎ, ಡಿಎಚ್‌ಎ ಲೆಕ್ಕಕ್ಕೆ ಸಿಗುವಷ್ಟಿಲ್ಲ. ಯಾರಾದ್ರೂ 'ಪಾಚಿ ಪುಡಿ, ಒಮೆಗಾ-3 ಗ್ಯಾರಂಟಿ' ಅಂದ್ರೆ, ಯಾವ ಪಾಚಿ ಅಂತ ಕೇಳಿ.

ಮೂರು, ನಮ್ಮ ಕೆರೆಯ ಕಾಟ್ಲಾ, ರೋಹುಗೆ ಈ ದುಬಾರಿ ಎಣ್ಣೆ ಬೇಕಾಗಿಲ್ಲ. ಅವು ತೌಡು, ಹಿಂಡಿ ತಿಂದು, ಕೆರೆಯಲ್ಲೇ ಬೆಳೆಯೋ ಪಾಚಿ, ಹುಳಹುಪ್ಪಟೆ ತಿಂದು ಬೆಳೀತವೆ. ಸಮಸ್ಯೆ ಇರೋದು ಮೀನು ತಿನ್ನೋ ಮೀನನ್ನ ನಾವು ಸಾಕೋಕೆ ಹೊರಟಾಗ.

ದೂರದ ದೇಶದ ತಟ್ಟೆಯಲ್ಲಿರೋ ಸಾಲ್ಮನ್‌ಗೆ ಇಲ್ಲಿನ ಬಡವರ ಮೀನು ಆಹಾರ ಆಗಬೇಕಾ ಅನ್ನೋದು ನನ್ನ ಪ್ರಶ್ನೆ. ಪಾಚಿ ಎಣ್ಣೆ ಅಗ್ಗ ಆದಷ್ಟೂ ಅದಕ್ಕೆ 'ಬೇಡ' ಅನ್ನೋದು ಸುಲಭ ಆಗುತ್ತೆ. ಮುಂದಿನ ಸಲ ಸಾಕಿದ ಮೀನು ತಗೊಳ್ಳುವಾಗ ಬೆಲೆ ಜೊತೆಗೆ ಇನ್ನೊಂದು ಪ್ರಶ್ನೆ ಕೇಳಿ: ಇದಕ್ಕೆ ಏನು ತಿನ್ನಿಸಿದ್ರಿ?