ಬಣ್ಣ ಮುಚ್ಚುವುದು ಹೇಗೆ?



ಗೋಡೆಗೆ ಸುಣ್ಣ ಹೊಡೆಯುವುದನ್ನು ನೋಡಿದ್ದೀರಿ. ಹಸಿಯಿರುವಾಗ ಹಳೆಯ ಕಲೆಗಳೆಲ್ಲ ಕಾಣುತ್ತವೆ; ಒಣಗಿದ ಮೇಲೆ ಅದೇ ಸುಣ್ಣ ಬೆಳ್ಳಗಾಗಿ ಅವನ್ನು ಮುಚ್ಚುತ್ತದೆ. ಇದು ತಿಳಿಯದವರು ಅವಸರದಲ್ಲಿ ಇನ್ನೊಂದು ಕೈ ಹೊಡೆದು ಸುಣ್ಣ ದಂಡ ಮಾಡುತ್ತಾರೆ.

ಬಣ್ಣದ ಪುಡಿಗೂ ಅದರ ಸುತ್ತಲಿನ ವಸ್ತುವಿಗೂ ವಕ್ರೀಭವನ ಸೂಚ್ಯಂಕದಲ್ಲಿ ಅಂತರ ಹೆಚ್ಚಿದ್ದಷ್ಟೂ ಬೆಳಕು ಹೆಚ್ಚು ಚದುರಿ, ಕೆಳಗಿನದು ಮರೆಯಾಗುತ್ತದೆ. ಸುಣ್ಣದ ಕಣಗಳದ್ದು ಸುಮಾರು 1.6, ನೀರಿನದು 1.33, ಗಾಳಿಯದು 1. ನೀರು ಆರಿ ಗಾಳಿ ತುಂಬಿದಾಗ ಅಂತರ ಹೆಚ್ಚುತ್ತದೆ. ಕಾಗದಕ್ಕೆ ಎಣ್ಣೆ ಬಿದ್ದಾಗ ಆಗುವುದು ಇದರ ತಿರುವುಮುರುವು. ಎಣ್ಣೆಯದೂ ಕಾಗದದ ನಾರಿನದೂ ಹೆಚ್ಚುಕಡಿಮೆ 1.5, ಹಾಗಾಗಿ ಕಾಗದ ಅರೆಪಾರದರ್ಶಕವಾಗುತ್ತದೆ. ಟೈಟಾನಿಯಂ ಬಿಳಿಯದು 2.5ಕ್ಕಿಂತ ಹೆಚ್ಚು. ಅದು ಎಣ್ಣೆಯಲ್ಲೂ ಅಪಾರದರ್ಶಕವೇ!

ಡ್ರಾಯಿಂಗ್ ಪರೀಕ್ಷೆಗೆ ಕೂರುವವರೇ, ಇದು ನಿಮಗೆ. ಒಣಗಿದ ನೀಲಿಯ ಮೇಲೆ ಪಾರದರ್ಶಕ ಜಲವರ್ಣದ ಹಳದಿಯನ್ನು ತೆಳುವಾಗಿ ಎಳೆದರೆ ಹಸಿರು ಕಾಣುತ್ತದೆ. ಪೋಸ್ಟರ್ ಹಳದಿಯನ್ನು ದಪ್ಪಗೆ ಹಚ್ಚಿದರೆ ನೀಲಿಯನ್ನೇ ನುಂಗುತ್ತದೆ. ಜಲವರ್ಣದಲ್ಲಿ ತಪ್ಪು ಮುಚ್ಚಲು ಹೋಗಿ ಹಾಳೆಯನ್ನೇ ಕೆಡಿಸಿಕೊಳ್ಳುವ ಮಕ್ಕಳು ಎಷ್ಟೋ. ಬಿಳಿ ಬೇಕಾದ ಜಾಗವನ್ನು ಮೊದಲೇ ಖಾಲಿ ಬಿಡಿ.

ಮನೆಯವರು ದುಡ್ಡು ಹೊಂದಿಸಿ ಕೊಡಿಸುವ ಬಣ್ಣವದು, ನೋಡಿ ಕೊಳ್ಳಿ. ಹಲವು ಕಂಪನಿಗಳ ಟ್ಯೂಬಿನ ಮೇಲೆ ಪುಟ್ಟ ಚೌಕವಿರುತ್ತದೆ: ಖಾಲಿಯಿದ್ದರೆ ಪಾರದರ್ಶಕ, ತುಂಬಿದ್ದರೆ ಅಪಾರದರ್ಶಕ. ಗುರುತಿಲ್ಲವೇ? ನೀರಿಗೆ ಅಳಿಯದ ಕಪ್ಪು ಶಾಯಿಯಲ್ಲಿ ಗೆರೆಯೆಳೆದು, ಒಣಗಿದ ಮೇಲೆ ಬಣ್ಣ ಹಚ್ಚಿ. ಗೆರೆ ಎಷ್ಟು ಮಾಸುತ್ತದೋ ಬಣ್ಣ ಅಷ್ಟು ಅಪಾರದರ್ಶಕ.