ಹತ್ತಿರದ ನೋಟ, ಮಸುಕಾದ ಚಿತ್ರ

ಶ್ರೀಗಂಧದ ಕೆತ್ತನೆಗೆ ಹೆಸರಾದ ಊರುಗಳನ್ನು ಎಣಿಸುವಾಗ ಸಾಗರದೊಡನೆ ಸೊರಬದ ಹೆಸರನ್ನೂ ಹೇಳುವುದು ವಾಡಿಕೆ. ಇಲ್ಲಿನ ಗುಡಿಗಾರರು ಅಂಗೈಯಗಲದ ಪೆಟ್ಟಿಗೆಯ ಮುಚ್ಚಳದ ಮೇಲೆ ಬಳ್ಳಿ, ಹೂವು, ಹಕ್ಕಿ, ಆನೆಗಳನ್ನು ಒಂದರೊಳಗೊಂದು ಹೆಣೆದು ಬಿಡಿಸಬಲ್ಲವರು. ಗಂಧದ ಮರದ ಎಳೆ ಬಹು ನಯವಾದುದರಿಂದ ಉಳಿಯ ತುದಿ ಎಳೆದ ಸಣ್ಣ ಗೀರೂ ಅದರಲ್ಲಿ ನಿಲ್ಲುತ್ತದೆ. ಆದರೆ ಇಂಥ ವಸ್ತು ಮಾಡಿದವರ ಮನೆಯಲ್ಲಿ ಉಳಿಯುವಂಥದಲ್ಲ; ಮುಗಿದೊಡನೆ ಕೊಂಡವರ ಕೈ ಸೇರುತ್ತದೆ. ಉಳಿಯಬಹುದಾದದ್ದು ಅದರ ಛಾಯಾಚಿತ್ರ ಮಾತ್ರ. ಆ ಚಿತ್ರ ಮಸುಕಾದರೆ ಮುಂದೆ ಕಲಿಯುವವನಿಗೆ ಆನೆ ಕಾಣುತ್ತದೆ; ಆನೆಯ ಕಣ್ಣನ್ನು ಬಿಡಿಸಿದ ಬಗೆ ಕಾಣುವುದಿಲ್ಲ.

ಚಿತ್ರ ಮಸುಕಾದೊಡನೆ ಕ್ಯಾಮರಾವನ್ನು ದೂರುವುದು ಸುಲಭ. ಆದರೆ ಮಸುಕು ಒಂದೇ ರೋಗವಲ್ಲ; ಜ್ವರದಂತೆ ಅದು ಹಲವು ರೋಗಗಳ ಲಕ್ಷಣ. ಚಿತ್ರವನ್ನು ಹಿಗ್ಗಿಸಿ, ಎಲ್ಲಿ ಮಸುಕಿದೆ, ಎಲ್ಲಿ ಇಲ್ಲ ಎಂದು ನೋಡಿದರೆ ಕಾರಣವನ್ನು ಚಿತ್ರವೇ ಹೇಳುತ್ತದೆ.

ಆನೆಯ ಕಣ್ಣು ಮಸುಕಾಗಿ, ಅದರ ಹಿಂದಿನ ಬಳ್ಳಿ ಸ್ಫುಟವಾಗಿದ್ದರೆ ಮಸೂರದಲ್ಲಿ ದೋಷವಿಲ್ಲ. ಫೋಕಸ್ ತಪ್ಪಾದ ಕಡೆ ನಿಂತಿದೆ. ವಸ್ತುವಿಗೆ ಹತ್ತಿರವಾದಷ್ಟೂ ಸ್ಫುಟತೆಯ ಆಳ ಕುಗ್ಗುತ್ತದೆ. 35 ಮಿಲಿಮೀಟರ್ ಫಿಲ್ಮಿನ ಅಳತೆಯ ಕ್ಯಾಮರಾದಲ್ಲಿ, ರಂಧ್ರವನ್ನು ಎಫ್ 8ಕ್ಕೆ ಇಟ್ಟು, ವಸ್ತುವನ್ನು ಅದರ ಗಾತ್ರದ ಹತ್ತರಲ್ಲೊಂದು ಪಾಲಿಗೆ ಚಿತ್ರಿಸಿದರೆ ಸುಮಾರು 5 ಸೆಂಟಿಮೀಟರ್ ಆಳ ಸ್ಫುಟವಾಗಿರುತ್ತದೆ. ವಸ್ತುವಿನಷ್ಟೇ ಗಾತ್ರದಲ್ಲಿ ಚಿತ್ರಿಸಿದರೆ ಆ ಆಳ ಕೇವಲ 1 ಮಿಲಿಮೀಟರ್! ಅರ್ಧ ಅಂಗುಲದ ಉಬ್ಬುಕೆತ್ತನೆ ಅಷ್ಟರಲ್ಲಿ ಅಡಗುವುದೆಂತು? ಆದುದರಿಂದ ಮುಚ್ಚಳಕ್ಕೆ ಸಮಾನಾಂತರವಾಗಿ ಕ್ಯಾಮರಾ ನಿಲ್ಲಿಸಿ, ಪೂರ್ಣಚಿತ್ರವನ್ನು ತುಸು ದೂರದಿಂದಲೂ, ಕಣ್ಣಿನಂಥ ವಿವರಗಳನ್ನು ಬೇರೆಯಾಗಿ ಹತ್ತಿರದಿಂದಲೂ ತೆಗೆಯಬೇಕು. ಇಂದಿನ ಡಿಜಿಟಲ್ ವಿಧಾನದಲ್ಲಿ ಫೋಕಸನ್ನು ಹೆಜ್ಜೆಹೆಜ್ಜೆಯಾಗಿ ಸರಿಸಿ ತೆಗೆದ ಹಲವು ಚಿತ್ರಗಳನ್ನು ಗಣಕದಲ್ಲಿ ಒಂದಾಗಿ ಬೆಸೆಯಲೂ ಬಹುದು.

ಗೀರುಗಳೆಲ್ಲ ಒಂದೇ ದಿಕ್ಕಿಗೆ ಎಳೆದಂತೆ, ಜೋಡಿಯಾಗಿ ಕಂಡರೆ ಕ್ಯಾಮರಾ ಅಲುಗಿದೆಯೆಂದು ತಿಳಿಯಬೇಕು. ಹತ್ತಿರದ ನೋಟದಲ್ಲಿ ವಸ್ತುವಿನೊಡನೆ ಕೈಯ ನಡುಕವೂ ದೊಡ್ಡದಾಗುತ್ತದೆ. ಮುಕ್ಕಾಲಿಯ ಮೇಲೆ ಕ್ಯಾಮರಾ ನಿಲ್ಲಿಸಿ, ಗುಂಡಿಯೊತ್ತಿದ ಎರಡು ಸೆಕೆಂಡಿನ ಬಳಿಕ ಷಟರ್ ತೆರೆಯುವಂತೆ ಮಾಡಿದರೆ ಈ ದೋಷ ಬಹುಮಟ್ಟಿಗೆ ಕಳೆಯುತ್ತದೆ. ಹಿನ್ನೆಲೆ ಸ್ಫುಟವಾಗಿದ್ದು ವಸ್ತುವೊಂದೇ ಕದಲಿದಂತಿದ್ದರೆ ಗಾಳಿಯನ್ನು ಸಂಶಯಿಸಬೇಕು. ಗುಡಿಗಾರರೇ ಮಾಡುವ ಬೆಂಡಿನ ಬಾಸಿಂಗಕ್ಕೆ ಫ್ಯಾನಿನ ಗಾಳಿಯಷ್ಟೇ ಸಾಕು.

ಎಲ್ಲವೂ ಸಮನಾಗಿ ಮಸುಕಾಗಿದ್ದರೆ? ಆಳ ಹೆಚ್ಚಲೆಂದು ರಂಧ್ರವನ್ನು ತೀರ ಕಿರಿದುಗೊಳಿಸಿದಾಗ ಬೆಳಕು ಅದರ ಅಂಚಿನಲ್ಲಿ ಹರಡಿ ಸ್ಫುಟತೆಯನ್ನು ಕೆಡಿಸುತ್ತದೆ. ವಸ್ತುವಿನಷ್ಟೇ ಗಾತ್ರದ ಚಿತ್ರದಲ್ಲಿ ಎಫ್ 16 ಎಂಬ ಗುರುತು ಸುಮಾರು ಎಫ್ 32ರಂತೆ ವರ್ತಿಸುತ್ತದೆ. ಹೀಗೆ ಅತಿಯಾಸೆ ಮೂಲಕ್ಕೇ ಮುಳುವಾಗುತ್ತದೆ. ಮಲೆನಾಡಿನಲ್ಲಿ ಇನ್ನೊಂದು ಕಾರಣವೂ ಉಂಟು. ಮಳೆಗಾಲದ ತೇವದಲ್ಲಿ ಮಸೂರದೊಳಗೆ ಬೂಷ್ಟು ಹಿಡಿಯುತ್ತದೆ. ಟಾರ್ಚಿನ ಬೆಳಕನ್ನು ಓರೆಯಾಗಿ ಹಾಯಿಸಿದರೆ ಜೇಡರಬಲೆಯಂಥ ಎಳೆಗಳು ಕಾಣುತ್ತವೆ. ಕ್ಯಾಮರಾವನ್ನು ಚರ್ಮದ ಚೀಲದಲ್ಲಿಡದೆ, ಸಿಲಿಕಾ ಜೆಲ್ ಹಾಕಿದ ಬಿಗಿಮುಚ್ಚಳದ ಡಬ್ಬಿಯಲ್ಲಿಡುವುದು ಲೇಸು.

ಮೊಬೈಲಿನಲ್ಲಿ ಚಿತ್ರ ತೆಗೆಯುವವರು ಒಂದು ಮಾತನ್ನು ನೆನಪಿಡಬೇಕು. ಪ್ರತಿ ಮಸೂರಕ್ಕೂ ಕನಿಷ್ಠ ದೂರವೊಂದಿದೆ. ಅದಕ್ಕಿಂತ ಸಮೀಪಿಸಿದರೆ ಏನೂ ಸ್ಫುಟವಾಗದು. ಆಗ ತುಸು ಹಿಂದೆ ಸರಿದು ತೆಗೆದು, ಬೇಕಾದ ಭಾಗವನ್ನು ಕತ್ತರಿಸಿಕೊಳ್ಳುವುದೇ ಜಾಣತನ.

ಇನ್ನು, ಮಸುಕೇ ಅಲ್ಲದ ಮಸುಕೂ ಒಂದಿದೆ. ನೇರವಾಗಿ ಎದುರಿನಿಂದ ಬಿದ್ದ ಬೆಳಕು ಕೆತ್ತನೆಯ ನೆರಳುಗಳನ್ನೆಲ್ಲ ನುಂಗಿಬಿಡುತ್ತದೆ. ಫೋಕಸ್ ಸರಿಯಿದ್ದರೂ ಚಿತ್ರ ಚಪ್ಪಟೆಯಾಗಿ, ಮಸುಕಾಗಿ ತೋರುತ್ತದೆ. ಕಿಟಕಿಯ ಬೆಳಕು ಪಕ್ಕದಿಂದ ಓರೆಯಾಗಿ ಬೀಳಲಿ; ಗೀರುಗೀರೂ ಎದ್ದು ನಿಲ್ಲುತ್ತದೆ. ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ದ 8ನೆಯ ಸಂಪುಟದಲ್ಲಿ, 1904ರಲ್ಲಿ, ಸೊರಬ ತಾಲ್ಲೂಕಿನ ಶಾಸನಗಳು ಅಚ್ಚಾದವು. ಅಂಥ ಶಿಲಾಶಾಸನಗಳ ಸವೆದ ಅಕ್ಷರಗಳನ್ನು ಓದಲು ನೆರವಾಗುವುದೂ ಇದೇ ಓರೆ ಬೆಳಕು.

ಇಷ್ಟೆಲ್ಲ ಪರೀಕ್ಷೆಗೆ ಹತ್ತು ನಿಮಿಷಕ್ಕಿಂತ ಹೆಚ್ಚು ಹಿಡಿಯದು. ಆದರೆ ಅದನ್ನು ವಸ್ತು ಇನ್ನೂ ಎದುರಿಗಿರುವಾಗಲೇ ಮಾಡಬೇಕು. ಪೆಟ್ಟಿಗೆಯನ್ನು ಕಾಗದದಲ್ಲಿ ಸುತ್ತಿ ಕೊಂಡವರಿಗೆ ಒಪ್ಪಿಸುವ ಮೊದಲು, ಚಿತ್ರವನ್ನು ಒಮ್ಮೆ ಹಿಗ್ಗಿಸಿ ಆನೆಯ ಕಣ್ಣನ್ನು ನೋಡಿ. ಅಲ್ಲಿ ಉಳಿಯ ಗೀರು ಎಣಿಸುವಂತಿದ್ದರೆ, ಪೆಟ್ಟಿಗೆಯನ್ನು ಕಳಿಸಿಕೊಡಬಹುದು.